ಕ್ಷಯರೋಗಿಯ ಮನೆಬಾಗಿಲಿಗೆ ಬಂದ ದಾದಿ

ಕ್ಷಯ ತಗುಲಿದವರಿಗೆ ತಟ್ಟೆ ಬೇರೆ, ಲೋಟ ಬೇರೆ: ನಮ್ಮ ನವಲಗುಂದ, ಅಣ್ಣಿಗೇರಿ ಸೀಮೆಯ ಮನೆಗಳಿಗೆ ಇದು ಹೊಸದಲ್ಲ. ಔಷಧವಿಲ್ಲದ ಕಾಲದಲ್ಲಿ ಸ್ಯಾನಿಟೋರಿಯಂ ದಾದಿಯರ ಕೈಯಲ್ಲಿದ್ದದ್ದು ಶುದ್ಧಗಾಳಿ, ವಿಶ್ರಾಂತಿ, ಒಳ್ಳೆಯ ಊಟ, ಇಷ್ಟೇ. 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಅಧ್ಯಯನವೊಂದು ಈ ಪದ್ಧತಿಯನ್ನೇ ಬದಲಿಸಿತು. ಕೆಲವು ರೋಗಿಗಳು ಸ್ಯಾನಿಟೋರಿಯಂನಲ್ಲಿ, ಉಳಿದವರು ತಮ್ಮ ಇಕ್ಕಟ್ಟಾದ ಮನೆಗಳಲ್ಲೇ ಒಂದು ವರ್ಷ ಅದೇ ಔಷಧ ತೆಗೆದುಕೊಂಡರು. ಗುಣವಾದವರು ಎರಡೂ ಕಡೆ ಹೆಚ್ಚುಕಡಿಮೆ ಸಮ. ಮನೆಮಂದಿಗೆ ಸೋಂಕೂ ಹೆಚ್ಚಲಿಲ್ಲ. ಮನೆಯಲ್ಲಿದ್ದವರ ಊಟ ಬಡ ಊಟವೇ ಆಗಿತ್ತೆಂಬುದನ್ನು ಗಮನಿಸಬೇಕು! ಅಂದಿನಿಂದ ಶುಶ್ರೂಷೆಯೆಂದರೆ ಹೇಳದೆ ಮನೆಗೆ ಹೋಗಿ ಮಾತ್ರೆ ಎಣಿಸುವುದು, ನಡುವೆ ಬಿಟ್ಟವರನ್ನು ಮರಳಿ ಕರೆತರುವುದು. ಇಂದು ನಮ್ಮ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರೂ ಈ ಕೆಲಸದಲ್ಲಿದ್ದಾರೆ. ರೋಗ ಹರಡುವುದು ಗಾಳಿಯಿಂದ, ತಟ್ಟೆಯಿಂದಲ್ಲ. ಆದರೂ ಕೆಲವು ಮನೆಗಳಲ್ಲಿ ಆ ತಟ್ಟೆ ಬೇರೆಯಾಗಿಯೇ ಉಳಿದಿರುವುದನ್ನು ನಾವು ಕಂಡಿದ್ದೇವೆ.