ಕ್ಯಾಪ್ಟನ್ ಮನೆಯ ಊಟಕ್ಕೆ ಬಂದ ಗುರುಗಳು



‘ಪ್ಯಾನ್ಸ್ ಲ್ಯಾಬಿರಿಂತ್’ (2006) ಸಿನಿಮಾ ನೋಡಿದವರಿಗೆ ಹೆಚ್ಚಾಗಿ ನೆನಪಿರುವುದು ಅಂಗೈಯಲ್ಲಿ ಕಣ್ಣಿರುವ ಬಿಳಿಚಿದ ರಾಕ್ಷಸ. ನಮ್ಮನ್ನು ಕಾಡಿದ್ದು ಬೇರೆ ದೃಶ್ಯ. ಅದರಲ್ಲಿ ರಾಕ್ಷಸರಿಲ್ಲ, ಊಟಕ್ಕೆ ಕುಳಿತ ಒಬ್ಬ ಗುರುಗಳಿದ್ದಾರೆ.

ಮೆಕ್ಸಿಕೋದ ಗಿಯೆರ್ಮೊ ದೆಲ್ ತೋರೊ ನಿರ್ದೇಶಿಸಿದ ಈ ಚಿತ್ರದ ಕಥೆ ನಡೆಯುವುದು 1944ರ ಸ್ಪೇನಿನಲ್ಲಿ. ಅಂತರ್ಯುದ್ಧ ಮುಗಿದು ಐದು ವರ್ಷವಾಗಿದೆ. ಗೆದ್ದ ಜನರಲ್ ಫ್ರಾಂಕೊ ಆಳುತ್ತಿದ್ದಾನೆ, ಸೋತವರಲ್ಲಿ ಕೆಲವರು ಕಾಡು ಸೇರಿ ಇನ್ನೂ ಹೋರಾಡುತ್ತಿದ್ದಾರೆ. ಅವರನ್ನು ಮುಗಿಸಲು ಬಂದವನು ಕ್ಯಾಪ್ಟನ್ ವಿದಾಲ್. ಅವನ ಮಲಮಗಳು ಒಫೇಲಿಯಾಗೆ ಹಳೆಯ ಕಲ್ಲಿನ ಚಕ್ರವ್ಯೂಹದಲ್ಲಿ ಒಂದು ವಿಚಿತ್ರ ಜೀವಿ ಸಿಕ್ಕು ಮೂರು ಪರೀಕ್ಷೆ ಒಡ್ಡುತ್ತದೆ.

ಇತ್ತ ಕ್ಯಾಪ್ಟನ್ ಊರಿನ ಗಣ್ಯರಿಗೆ ಔತಣ ಕೊಡುತ್ತಾನೆ. ಕಾಡಿನವರಿಗೆ ಕಾಳು ಸಾಗಬಾರದೆಂದು ಮನೆಗೊಂದೇ ರೇಷನ್ ಕಾರ್ಡು ಎಂಬ ಮಾತು ಅಲ್ಲೇ ಬರುತ್ತದೆ. ನೋಡಿಕೊಂಡು ಬಳಸಿದರೆ ಸಾಕಾಗುತ್ತದೆ ಎಂದು ಗುರುಗಳೂ ದನಿಗೂಡಿಸುತ್ತಾರೆ. ದಂಗೆಕೋರರ ಆತ್ಮವನ್ನು ದೇವರು ನೋಡಿಕೊಂಡಿದ್ದಾನೆ, ದೇಹ ಏನಾದರೇನು ಎಂಬ ಧಾಟಿ ಅವರದು. ಮುಂದೆ ಬರುವ ಆ ರಾಕ್ಷಸನೂ ತುಂಬಿದ ಊಟದ ಮೇಜಿನ ತುದಿಯಲ್ಲೇ ಕುಳಿತಿರುತ್ತಾನೆ!

ನಮ್ಮ ಧರ್ಮಸಭೆಯನ್ನು ಹೀಗೆ ತೋರಿಸಿದ್ದು ಸರಿಯೇ? ಚರಿತ್ರೆ ಅಷ್ಟು ಸರಳವಾಗಿಲ್ಲ. 1936ರ ಜುಲೈನಲ್ಲಿ ಯುದ್ಧ ಶುರುವಾದ ಮೇಲೆ ಫ್ರಾಂಕೊ ವಿರೋಧಿಗಳ ಹಿಡಿತದಲ್ಲಿದ್ದ ಕಡೆ ಸುಮಾರು 6,800 ಗುರುಗಳು, ಧರ್ಮಸಹೋದರರು, ಧರ್ಮಭಗಿನಿಯರು ಕೊಲೆಯಾದರು. ಸಿನಿಮಾ ಇದನ್ನು ಹೇಳುವುದೇ ಇಲ್ಲ. ಅದು ಅದರ ಕೊರತೆಯೆಂದೇ ನಮ್ಮ ಅನಿಸಿಕೆ. ಆದರೆ 1937ರ ಜುಲೈ 1ರಂದು ಸ್ಪೇನಿನ ಧರ್ಮಾಧ್ಯಕ್ಷರು ಸಾಮೂಹಿಕ ಪತ್ರ ಬರೆದು ಫ್ರಾಂಕೊ ಪಕ್ಷ ನಿಂತದ್ದೂ ನಿಜ. ಆ ಹೊತ್ತಿಗೆ ಫ್ರಾಂಕೊ ಸೈನಿಕರು ಬಾಸ್ಕ್ ನಾಡಿನಲ್ಲಿ ಹತ್ತಕ್ಕೂ ಹೆಚ್ಚು ಗುರುಗಳನ್ನು ಗುಂಡಿಕ್ಕಿ ಕೊಂದಾಗಿತ್ತು.

ಆ ಪತ್ರಕ್ಕೆ ಸಹಿ ಹಾಕದವರಲ್ಲಿ ಒಬ್ಬರು ತಾರಾಗೋನಾದ ಮಹಾಧರ್ಮಾಧ್ಯಕ್ಷ, ಕಾರ್ಡಿನಲ್ ಫ್ರಾನ್ಸೆಸ್ಕ್ ವಿದಾಲ್ ಇ ಬರಾಕೇರ್. (ಕ್ಯಾಪ್ಟನ್ ಹೆಸರೂ ವಿದಾಲ್ ಎಂಬುದು ನಮಗೆ ವಿಚಿತ್ರವೆನಿಸಿತು.) ಅವರ ಸಹಾಯಕ ಧರ್ಮಾಧ್ಯಕ್ಷ ಮಾನುವೆಲ್ ಬೊರಾಸ್ 1936ರ ಆಗಸ್ಟಿನಲ್ಲಿ ಕೊಲೆಯಾಗಿದ್ದರು. ಕಾರ್ಡಿನಲ್ ಕೂಡ ಸೆರೆಸಿಕ್ಕು, ಕೂದಲೆಳೆಯಲ್ಲಿ ಪಾರಾಗಿ ಇಟಲಿ ಸೇರಿದ್ದರು. ದ್ವೇಷಿಸಲು ಅವರಿಗಿಂತ ಹೆಚ್ಚಿನ ಕಾರಣ ಯಾರಿಗಿತ್ತು? ಆದರೂ ಸಹಿ ಹಾಕಲಿಲ್ಲ. ಗೆದ್ದ ಫ್ರಾಂಕೊ ಅವರನ್ನು ಊರಿಗೆ ಮರಳಲು ಬಿಡಲಿಲ್ಲ. 1943ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ತೀರಿಕೊಂಡರು.

ಯುದ್ಧದಲ್ಲಿ ಭಕ್ತನಾದವನು ಏನನ್ನು ಬಿಡುತ್ತಾನೆ ಎಂಬ ಪ್ರಶ್ನೆ ನಮ್ಮ ಆದೋನಿಗೂ ಒಮ್ಮೆ ಬಂದಿತ್ತು. 1686ರಲ್ಲಿ ಬಿಜಾಪುರ ಔರಂಗಜೇಬನ ಪಾಲಾದ ಮೇಲೂ ಇಲ್ಲಿನ ಕೋಟೆ ಸಿದ್ದಿ ಮಸೂದ್ ಖಾನನ ಕೈಯಲ್ಲಿತ್ತು. 1688ರಲ್ಲಿ ಮೊಘಲ್ ಸೇನಾಪತಿ ಫಿರೋಜ್ ಜಂಗ್ ಮುತ್ತಿಗೆ ಹಾಕಿದ. ಪೇಟೆಯಲ್ಲಿ ಇಂದಿಗೂ ಇರುವ ಜಾಮಿಯಾ ಮಸೀದಿ ಕಟ್ಟಿಸಿದವನು ಇದೇ ಮಸೂದ್ ಖಾನ್. ಕೋಟೆ ಬಗ್ಗದಿದ್ದಾಗ ಶತ್ರುಗಳು ಫಿರಂಗಿಗಳನ್ನು ಆ ಮಸೀದಿಯ ಕಡೆ ತಿರುಗಿಸಿದರಂತೆ. ಅದನ್ನು ನೋಡಲಾರದೆ ಅವನು ಕೋಟೆಯನ್ನೇ ಒಪ್ಪಿಸಿದನಂತೆ. ಸೋಲಿಗೆ ಬೇರೆ ಕಾರಣಗಳೂ ಇದ್ದಿರಬಹುದು. ಹಳಬರು ಉಳಿಸಿಕೊಂಡು ಬಂದದ್ದು ಮಾತ್ರ ಈ ಕಥೆಯನ್ನು.

ಸಿನಿಮಾ ನೋಡುವವರಿಗೆ ಒಂದು ಮಾತು: ಇದು ಮಕ್ಕಳ ಚಿತ್ರವಲ್ಲ. ರಕ್ತ, ಚಿತ್ರಹಿಂಸೆ ಸಾಕಷ್ಟಿದೆ. ಚಿಕ್ಕ ತಮ್ಮ ತಂಗಿಯರನ್ನು ಮಲಗಿಸಿಯೇ ನೋಡಿ.