ಇಂಧನ ದಕ್ಷತೆಯ ಕಾನೂನು ಮತ್ತು ಉದ್ಯಮಗಳು: ಸಿಂಧನೂರು, ಲಿಂಗಸುಗೂರು, ಮಸ್ಕಿ

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳಲ್ಲಿ ವಿದ್ಯುತ್ತನ್ನೂ ಉರುವಲನ್ನೂ ಹೆಚ್ಚಾಗಿ ಬಳಸುವ ಉದ್ಯಮಗಳು ಎರಡು ಬಗೆಯವು. ಒಂದು, ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತವನ್ನು ನಂಬಿ ಬೆಳೆದ ರೈಸ್ ಮಿಲ್‌ಗಳು. ಇನ್ನೊಂದು, ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿ. ಇಂಧನ ಮಿತಬಳಕೆಯ ಕಾನೂನು ಈ ಎರಡನ್ನೂ ಒಂದೇ ದಾರಿಯಲ್ಲಿ ಮುಟ್ಟಲಿಲ್ಲ. ದೇಶದ ಮುಖ್ಯ ಕಾಯ್ದೆಯ ನೇರ ಹಿಡಿತಕ್ಕೆ ಜಿಲ್ಲೆಯಲ್ಲಿ ಮೊದಲು ಸಿಕ್ಕಿದ್ದು ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರ. ಮಿಲ್‌ಗಳಿಗೆ ಕಾನೂನು ತಲುಪಿದ್ದು ಕರೆಂಟ್ ಬಿಲ್ಲಿನ ಮೂಲಕ.

ಮಿತಬಳಕೆಗೆ ಮುನ್ನ ಕಡಿತ

1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತು. ಮರುವರ್ಷ ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಳಿ ಹುಟ್ಟಿತು. ಆಗ ಜಾರಿಯಲ್ಲಿದ್ದದ್ದು 1910ರ ಭಾರತೀಯ ವಿದ್ಯುಚ್ಛಕ್ತಿ ಕಾಯ್ದೆ. ವಿದ್ಯುತ್ ಪೂರೈಕೆ ಮತ್ತು ಬಳಕೆಯನ್ನು ನಿಯಂತ್ರಿಸುವ ಅಧಿಕಾರವನ್ನು ಅದರ 22ಬಿ ಕಲಂ ರಾಜ್ಯ ಸರ್ಕಾರಕ್ಕೆ ಕೊಟ್ಟಿತ್ತು. ಅಣೆಕಟ್ಟುಗಳಲ್ಲಿ ನೀರು ಇಳಿದ ವರ್ಷಗಳಲ್ಲಿ ಕಾರ್ಖಾನೆಗಳ ಮೇಲೆ ಬೀಳುತ್ತಿದ್ದ ಕಡಿತಕ್ಕೆ ಇಂಥ ಅಧಿಕಾರವೇ ಆಧಾರ. ‘ಇಷ್ಟೇ ಬಳಸಿ’ ಎನ್ನುವುದು ಆ ಕಾಲದ ಆಜ್ಞೆಯಾಗಿತ್ತು. ಬಳಸಿದ ಒಂದೊಂದು ಯೂನಿಟ್‌ನಿಂದ ಎಷ್ಟು ಕೆಲಸ ತೆಗೆದಿರಿ ಎಂದು ಯಾವ ಅಧಿಕಾರಿಯೂ ಕೇಳಬೇಕಿರಲಿಲ್ಲ. ಚೆನ್ನಾಗಿಟ್ಟುಕೊಂಡ ಯಂತ್ರಕ್ಕೂ ಸವೆದ ಯಂತ್ರಕ್ಕೂ ಕಡಿತ ಒಂದೇ ಆಗಿದ್ದುದು ಆ ಪದ್ಧತಿಯ ದೊಡ್ಡ ಅನ್ಯಾಯ.

1970ರ ದಶಕದ ತೈಲ ಬಿಕ್ಕಟ್ಟುಗಳ ನಂತರ ಕೇಂದ್ರದ ಯೋಚನೆ ಬದಲಾಯಿತು. 1981ರಲ್ಲಿ ಇಂಧನ ಸಂರಕ್ಷಣೆ ಕುರಿತ ಅಂತರಸಚಿವಾಲಯ ಕಾರ್ಯತಂಡ ರಚನೆಯಾಯಿತು, 1989ರಲ್ಲಿ ಎನರ್ಜಿ ಮ್ಯಾನೇಜ್‌ಮೆಂಟ್ ಸೆಂಟರ್ ಬಂತು. ಆದರೆ ಉದ್ಯಮಗಳ ಮೇಲೆ ಮೊದಲು ಲಿಖಿತ ಹೊಣೆ ಹೊರಿಸಿದ್ದು ಕಂಪನಿ ಕಾನೂನು. ಇಂಧನ ಉಳಿತಾಯಕ್ಕೆ ಕೈಗೊಂಡ ಕ್ರಮಗಳನ್ನು ಆಡಳಿತ ಮಂಡಳಿ ತನ್ನ ವಾರ್ಷಿಕ ವರದಿಯಲ್ಲಿ ಹೇಳಬೇಕೆಂದು 1988ರ ನಿಯಮಗಳು ವಿಧಿಸಿದವು. 2013ರ ಕಂಪನಿ ಕಾಯ್ದೆಯ 134ನೇ ಕಲಂ ಅದನ್ನೇ ಮುಂದುವರಿಸಿತು.

ಹಟ್ಟಿಗೆ ಈ ಹೊಣೆ ತಗುಲಿದ್ದು ಅದು ಕಂಪನಿಯಾದ್ದರಿಂದ. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಎಂದು ನೋಂದಾಯಿತವಾದ ಸಂಸ್ಥೆ ಮುಂದೆ ಹಟ್ಟಿ ಚಿನ್ನದ ಗಣಿ ಕಂಪನಿಯಾಯಿತು. ಇಂದು ಅದು ರಾಜ್ಯ ಸರ್ಕಾರದ ಉದ್ಯಮ. ಆಳದ ಗಣಿಯಲ್ಲಿ ವಿದ್ಯುತ್ ಇಲ್ಲದೆ ಒಂದು ಗಳಿಗೆಯೂ ನಡೆಯದು: ಕಾರ್ಮಿಕರನ್ನೂ ಅದಿರನ್ನೂ ಎತ್ತಿಳಿಸುವ ಯಂತ್ರ, ಗಾಳಿ ಹಾಯಿಸುವ ಫ್ಯಾನು, ನೀರೆತ್ತುವ ಪಂಪು, ಬಂಡೆ ಕೊರೆಯುವ ಡ್ರಿಲ್ಲಿಗೆ ಒತ್ತಡದ ಗಾಳಿ ಒದಗಿಸುವ ಕಂಪ್ರೆಸರ್, ಮೇಲೆ ಅದಿರು ಅರೆಯುವ ಬಾಲ್ ಮಿಲ್. ಕಂಪ್ರೆಸರ್ ತಿನ್ನುವ ವಿದ್ಯುತ್ತಿನ ಬಹುಪಾಲು ಶಾಖವಾಗಿ ಹೋಗುತ್ತದೆ. ಪೈಪಿನ ಒಂದು ಸೋರಿಕೆ ಮುಚ್ಚಿದರೂ ಬಿಲ್ಲಿನಲ್ಲಿ ಗೊತ್ತಾಗುತ್ತದೆ.

2001ರ ಕಾಯ್ದೆ

ಇಂಧನ ಸಂರಕ್ಷಣಾ ಕಾಯ್ದೆ, 2001 ಜಾರಿಗೆ ಬಂದದ್ದು 2002ರ ಮಾರ್ಚ್ 1ರಂದು. ಅದೇ ದಿನ ಇಂಧನ ದಕ್ಷತಾ ಬ್ಯೂರೊ, ಅಂದರೆ ಬಿಇಇ, ಸ್ಥಾಪನೆಯಾಯಿತು. ರಾಜ್ಯದಲ್ಲಿ ಕಾಯ್ದೆಯ ನಿಯೋಜಿತ ಸಂಸ್ಥೆಯ ಹೊಣೆ ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಗಮಕ್ಕೆ ಬಂತು. ಕಾಯ್ದೆಯ ತಿರುಳು ‘ನಿಯುಕ್ತ ಬಳಕೆದಾರ’ ಎಂಬ ಕಲ್ಪನೆ. ಈ ವರ್ಗಕ್ಕೆ ಸೇರಿದ ಉದ್ಯಮ ಪ್ರಮಾಣೀಕೃತ ಇಂಧನ ವ್ಯವಸ್ಥಾಪಕನನ್ನು ನೇಮಿಸಬೇಕು, ವರ್ಷದ ಬಳಕೆಯ ಲೆಕ್ಕ ಸಲ್ಲಿಸಬೇಕು, ಮಾನ್ಯತೆ ಪಡೆದ ಲೆಕ್ಕಪರಿಶೋಧಕರಿಂದ ಇಂಧನ ಆಡಿಟ್ ಮಾಡಿಸಬೇಕು, ನಿಗದಿಯಾದ ಮಟ್ಟ ಮುಟ್ಟಬೇಕು.

ತಪ್ಪಿದರೆ ದಂಡ. ಮೊದಲು ಅದು ಪ್ರತಿ ಲೋಪಕ್ಕೆ ಹೆಚ್ಚೆಂದರೆ 10,000 ರೂಪಾಯಿ, ಲೋಪ ಮುಂದುವರಿದರೆ ದಿನಕ್ಕೆ 1,000. ಅದೂ ಮೊದಲ ಐದು ವರ್ಷ ಹಾಕುವಂತಿರಲಿಲ್ಲ. ದೊಡ್ಡ ಕಾರ್ಖಾನೆಗೆ ಇದು ಲೆಕ್ಕಕ್ಕೇ ಬಾರದ ಮೊತ್ತ. 2010ರ ತಿದ್ದುಪಡಿ ಮಿತಿಯನ್ನು 10 ಲಕ್ಷಕ್ಕೂ ದಿನಕ್ಕೆ 10,000ಕ್ಕೂ ಏರಿಸಿದ ಮೇಲೆಯೇ ಕಾಯ್ದೆಗೆ ತೂಕ ಬಂತು. ದಂಡ ತೀರ್ಮಾನಿಸುವ ಅಧಿಕಾರಿಯನ್ನು ನೇಮಿಸುವುದು ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಅದೂ ತನ್ನ ಸದಸ್ಯರಲ್ಲೇ ಒಬ್ಬರನ್ನು.

ಕಾಯ್ದೆಯ ಅನುಬಂಧ 15 ವಲಯಗಳನ್ನು ಹೆಸರಿಸಿತು. ಸಿಮೆಂಟ್, ಉಕ್ಕು, ಸಕ್ಕರೆ, ಜವಳಿ, ವಿದ್ಯುತ್ ಕೇಂದ್ರ, ವಾಣಿಜ್ಯ ಕಟ್ಟಡ ಅದರಲ್ಲಿದ್ದವು. ಅಕ್ಕಿ ಗಿರಣಿ ಇರಲಿಲ್ಲ, ಚಿನ್ನದ ಗಣಿಯೂ ಇರಲಿಲ್ಲ. ಇದ್ದಿದ್ದರೂ ಮಿಲ್‌ಗಳು ಮಿತಿಯ ಕೆಳಗೇ ಉಳಿಯುತ್ತಿದ್ದವು. 2007ರಲ್ಲಿ ಜವಳಿಗೆ ಇಟ್ಟ ಮಿತಿ ವರ್ಷಕ್ಕೆ 3,000 ಟನ್ ತೈಲಕ್ಕೆ ಸಮನಾದ ಇಂಧನ. ಎಲ್ಲವೂ ವಿದ್ಯುತ್ತೇ ಎಂದುಕೊಂಡರೆ ಅದು ಸುಮಾರು 3.49 ಕೋಟಿ ಯೂನಿಟ್. ಸಿಂಧನೂರಿನ ಸಾಧಾರಣ ರೈಸ್ ಮಿಲ್ ಅದರ ಹತ್ತಿರಕ್ಕೂ ಹೋಗದು.

ಶಕ್ತಿನಗರದ ಕಥೆ ಬೇರೆ. ಕೃಷ್ಣಾ ದಂಡೆಯ ಈ ಕೇಂದ್ರದ ಮೊದಲ ಘಟಕ 1985ರಲ್ಲಿ ಚಾಲೂ ಆಯಿತು. 210 ಮೆಗಾವಾಟ್‌ನ ಏಳು, 250ರ ಒಂದು ಘಟಕ ಸೇರಿ ಅದರ ಸಾಮರ್ಥ್ಯ 1,720 ಮೆಗಾವಾಟ್. ಶಾಖೋತ್ಪನ್ನ ಕೇಂದ್ರಗಳಿಗೆ ಇದ್ದ ಮಿತಿ 30,000 ಟನ್. 2012ರ ಮಾರ್ಚ್‌ನಲ್ಲಿ ಪ್ರಕಟವಾದ, ಪ್ರತಿ ಘಟಕಕ್ಕೂ ಇಂಧನ ಉಳಿತಾಯದ ಗುರಿ ಇಡುವ ಪ್ಯಾಟ್ ಯೋಜನೆಯ ಮೊದಲ ಸುತ್ತಿಗೆ ದೇಶದ ಎಂಟು ವಲಯಗಳ 478 ಘಟಕಗಳು ಬಂದವು. ಗುರಿ ಮೀರಿ ಉಳಿಸಿದವರಿಗೆ ಮಾರಬಹುದಾದ ಪ್ರಮಾಣಪತ್ರ, ಗುರಿ ಮುಟ್ಟದವರು ಅದನ್ನು ಕೊಳ್ಳಬೇಕು. ವಿದ್ಯುತ್ ಕೇಂದ್ರದಲ್ಲಿ ಅಳೆಯುವುದು ಹೊರಗೆ ಕಳಿಸಿದ ಪ್ರತಿ ಯೂನಿಟ್‌ಗೆ ಎಷ್ಟು ಶಾಖ ಖರ್ಚಾಯಿತು ಎಂಬುದನ್ನು. ಒಂದು ಯೂನಿಟ್‌ನಲ್ಲಿರುವ ಶಕ್ತಿ 860 ಕಿಲೋಕ್ಯಾಲರಿ. ಕಲ್ಲಿದ್ದಲಿನಿಂದ ಅದನ್ನು ಪಡೆಯಲು ಹಳೆಯ ಘಟಕಗಳು ಅದರ ಎರಡೂವರೆ ಪಟ್ಟಿಗೂ ಮಿಕ್ಕಿ ಶಾಖ ಸುಡುತ್ತವೆ.

ಮಿಲ್ ಬಾಗಿಲಿಗೆ ಬಂದ ನಿಯಮ

ರೈಸ್ ಮಿಲ್ ಮಾಲೀಕರಿಗೆ ಹೆಚ್ಚು ಪರಿಚಯದ ನಿಯಮ ಪವರ್ ಫ್ಯಾಕ್ಟರ್‌ನದು, ಅಂದರೆ ಎಳೆದ ವಿದ್ಯುತ್ತಿನಲ್ಲಿ ಕೆಲಸಕ್ಕೆ ಬರುವ ಪಾಲಿನದು. 2002ರ ಜೂನ್ 1ರಿಂದ ಈ ಮೂರೂ ತಾಲ್ಲೂಕುಗಳಿಗೆ ವಿದ್ಯುತ್ ಕೊಡುತ್ತಿರುವುದು ಕಲಬುರಗಿ ಕೇಂದ್ರವಾದ ಜೆಸ್ಕಾಂ. ಎಲ್‌ಟಿ (ಕಡಿಮೆ ವೋಲ್ಟೇಜಿನ) ಬಳಕೆದಾರರು ಪವರ್ ಫ್ಯಾಕ್ಟರನ್ನು 0.85ಕ್ಕಿಂತ, ಎಚ್‌ಟಿ (ಹೆಚ್ಚು ವೋಲ್ಟೇಜಿನ) ಬಳಕೆದಾರರು 0.90ಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳಬೇಕು. ಇಳಿದರೆ ಯೂನಿಟ್ ಲೆಕ್ಕದಲ್ಲಿ ಹೆಚ್ಚುವರಿ ಶುಲ್ಕ. ಮೋಟಾರು ತಿರುಗಲು ಕಾಂತಕ್ಷೇತ್ರ ಬೇಕು, ಅದಕ್ಕೆ ಎಳೆಯುವ ಕರೆಂಟು ಭತ್ತ ಸುಲಿಯುವ ಕೆಲಸ ಮಾಡುವುದಿಲ್ಲ. 100 ಕಿಲೋವಾಟ್ ಕೆಲಸಕ್ಕೆ 0.70ರಲ್ಲಿ ಸುಮಾರು 143 ಕೆವಿಎ ಬೇಕು, 0.95ರಲ್ಲಿ 105 ಸಾಕು. ಈ ಅಂತರವನ್ನು ತುಂಬುವುದು ಗೋಡೆಗೆ ಕೂರಿಸಿದ ಕೆಪಾಸಿಟರ್. ಅದು ಸುಟ್ಟರೂ ಮೋಟಾರು ಎಂದಿನಂತೆ ತಿರುಗುತ್ತಲೇ ಇರುವುದರಿಂದ ಸುದ್ದಿ ಗೊತ್ತಾಗುವುದು ತಿಂಗಳ ಬಿಲ್ಲಿನಲ್ಲಿ.

ಮೋಟಾರಿನದು ಇನ್ನೂ ಗಂಭೀರ ವಿಷಯ. ಸುಗ್ಗಿಯಲ್ಲಿ ಮೋಟಾರ್ ಸುಟ್ಟರೆ ಹೊಸದಕ್ಕೆ ಕಾಯಲಾಗದು, ವೈಂಡಿಂಗ್ ಮಾಡಿಸಿ ಅಂದೇ ಕೂರಿಸುತ್ತಾರೆ. ಅವಸರದ ವೈಂಡಿಂಗ್ ಪ್ರತಿ ಸಲವೂ ದಕ್ಷತೆಯನ್ನು ಸ್ವಲ್ಪ ತಿನ್ನುತ್ತದೆ. 2017ರ ಗುಣಮಟ್ಟ ನಿಯಂತ್ರಣ ಆದೇಶ ಮೂರು ಫೇಸ್ ಮೋಟಾರುಗಳಿಗೆ ಐಇ2 ಎಂಬ ಕನಿಷ್ಠ ದರ್ಜೆ ವಿಧಿಸಿತು. ಆ ನಿಯಮ ಹೊಸ ಮೋಟಾರಿಗೆ ಮಾತ್ರ, ಮತ್ತೆ ಮತ್ತೆ ಸುತ್ತಿಸಿದ ಹಳೆಯದಕ್ಕೆ ಅಲ್ಲ. ಕಾನೂನಿನ ಇಡೀ ಹೆಣಿಗೆಯಲ್ಲಿ ಇಲ್ಲಿನ ಮಿಲ್‌ಗಳ ಮಟ್ಟಿಗೆ ಅತಿ ದೊಡ್ಡ ಕಿಂಡಿ ಇದೇ.

ರಾಜ್ಯ ಸರ್ಕಾರ 2007ರ ನವೆಂಬರ್‌ನಲ್ಲಿ ಹೊರಡಿಸಿದ ಆದೇಶ ಲಾಡ್ಜ್, ಆಸ್ಪತ್ರೆ, ಬಿಸಿನೀರು ಬಳಸುವ ಕೈಗಾರಿಕೆಗಳಿಗೆ ಸೋಲಾರ್ ಹೀಟರನ್ನೂ ಕೃಷಿಗೆ ಐಎಸ್‌ಐ ಗುರುತಿನ ಪಂಪ್‌ಸೆಟ್ಟನ್ನೂ ಕಡ್ಡಾಯ ಮಾಡಿತು. ಟಿಸಿಗಳಿಗೆ, ಅಂದರೆ ವಿತರಣಾ ಟ್ರಾನ್ಸ್‌ಫಾರ್ಮರ್‌ಗಳಿಗೆ, ಸ್ಟಾರ್ ಗುರುತು ಕಡ್ಡಾಯವಾದದ್ದು 2010ರಲ್ಲಿ.

ಪೂರೈಕೆದಾರನೂ ಬಳಕೆದಾರ

2020ರ ಸೆಪ್ಟೆಂಬರ್‌ನಲ್ಲಿ ಕೇಂದ್ರವು ಎಲ್ಲ ವಿದ್ಯುತ್ ವಿತರಣಾ ಕಂಪನಿಗಳನ್ನೂ ನಿಯುಕ್ತ ಬಳಕೆದಾರರೆಂದು ಘೋಷಿಸಿತು. ದಂಡ ವಸೂಲು ಮಾಡುತ್ತಿದ್ದ ಜೆಸ್ಕಾಂ ಕೂಡ ಲೆಕ್ಕ ಒಪ್ಪಿಸಬೇಕಾಯಿತು. 2021ರ ನಿಯಮಗಳ ಪ್ರಕಾರ ಮೂರು ತಿಂಗಳಿಗೊಮ್ಮೆ ವಿದ್ಯುತ್ ಲೆಕ್ಕ, ವರ್ಷಕ್ಕೊಮ್ಮೆ ಹೊರಗಿನವರಿಂದ ಆಡಿಟ್. ನೀರಾವರಿ ಸೀಮೆಯಲ್ಲಿ ಇದು ಸುಲಭದ ಕೆಲಸವಲ್ಲ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗಳಿಗೆ ಕರೆಂಟ್ ಉಚಿತ, ಬಹಳಷ್ಟಕ್ಕೆ ಮೀಟರ್ ಇಲ್ಲ. ಹೊಲಕ್ಕೆ ಹೋದದ್ದೆಷ್ಟು, ತಂತಿಯಲ್ಲಿ ನಷ್ಟವಾದದ್ದೆಷ್ಟು ಎಂದು ಬೇರ್ಪಡಿಸಲು ಫೀಡರ್ ಮಟ್ಟದ ಅಳತೆಯೇ ಆಧಾರ. ಮಿಲ್ ಮಾಲೀಕನಿಂದ ಶಿಸ್ತು ಕೇಳುವ ಮೊದಲು ಪೂರೈಕೆದಾರನ ಲೆಕ್ಕ ಸರಿಯಿರಬೇಕೆಂಬ ನ್ಯಾಯ ಈ ನಿಯಮದಲ್ಲಿದೆ.

ಇಂಧನ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿ ಪಳೆಯುಳಿಕೆಯೇತರ ಇಂಧನದ ಕನಿಷ್ಠ ಬಳಕೆಯ ಷರತ್ತನ್ನು ಸೇರಿಸಿತು. ಅದರಂತೆ ವಿತರಣಾ ಕಂಪನಿಗಳ, ಸ್ವಂತ ಉತ್ಪಾದನೆ ಮತ್ತು ಓಪನ್ ಆಕ್ಸೆಸ್ ಬಳಕೆದಾರರ ನವೀಕರಿಸಬಹುದಾದ ಇಂಧನದ ಪಾಲು 2024–25ರ ಶೇ 29.91ರಿಂದ 2029–30ಕ್ಕೆ ಶೇ 43.33ಕ್ಕೆ ಏರಬೇಕು. 2023ರ ಜೂನ್‌ನಲ್ಲಿ ಕಾರ್ಬನ್ ಕ್ರೆಡಿಟ್‌ಗಳ ವ್ಯಾಪಾರ ಯೋಜನೆಯೂ ಪ್ರಕಟವಾಯಿತು.

ಸಣ್ಣ ಉದ್ಯಮಗಳಿಗೆ ಕಡ್ಡಾಯದ ಬದಲು ನೆರವು ಕೊಡುವ ದಾರಿ ತೀರ ತಡವಾಗಿ ತೆರೆಯಿತು. 2025ರ ಜುಲೈನಲ್ಲಿ ಬಿಇಇ ಮೂಲಕ ಆರಂಭವಾದ ಯೋಜನೆ ದಕ್ಷ ಯಂತ್ರ ಕೊಳ್ಳಲು ಮಾಡಿದ ಸಾಲದ ಬಡ್ಡಿಯಲ್ಲಿ ಅತಿಸಣ್ಣ ಮತ್ತು ಸಣ್ಣ ಘಟಕಗಳಿಗೆ ಶೇ 5, ಮಧ್ಯಮ ಘಟಕಗಳಿಗೆ ಶೇ 3 ರಿಯಾಯಿತಿ ಕೊಡುತ್ತದೆ. ಆಹಾರ ಸಂಸ್ಕರಣೆ ಅದರ ವಲಯಗಳಲ್ಲಿ ಒಂದು. ಕನಿಷ್ಠ ಶೇ 10 ಇಂಧನ ಉಳಿತಾಯ ತೋರಿಸಬೇಕೆಂಬುದು ಷರತ್ತು. ಹಾಗೆ ತೋರಿಸಲು ಮಿಲ್‌ನಲ್ಲಿ ಈಗ ಒಂದು ಕ್ವಿಂಟಲ್ ಅಕ್ಕಿಗೆ ಎಷ್ಟು ಯೂನಿಟ್, ಭತ್ತ ಬೇಯಿಸುವ ಬಾಯ್ಲರಿಗೆ ಎಷ್ಟು ಹೊಟ್ಟು ಖರ್ಚಾಗುತ್ತಿದೆ ಎಂಬ ಲೆಕ್ಕ ಮೊದಲೇ ಬರೆದಿಟ್ಟಿರಬೇಕಾಗುತ್ತದೆ.