ಕಾಲ್ಚೆಂಡಿನ ಮಾಸ್ತರರು

ಮಾದನಹಿಪ್ಪರಗಾ, ಆಳಂದಗಳ ಜನಕ್ಕೆ ಹೈದರಾಬಾದೇ ರಾಜಧಾನಿಯಾಗಿದ್ದ ಕಾಲ. ಆ ನಗರದಲ್ಲಿ ಸೈಯದ್ ಅಬ್ದುಲ್ ರಹೀಮ್ ಎಂಬ ಶಾಲಾಮಾಸ್ತರರಿದ್ದರು. 1909ರಲ್ಲಿ ಹುಟ್ಟಿದ ಇವರು ತಾರುಣ್ಯದಲ್ಲಿ ಕಾಲ್ಚೆಂಡು ಆಡಿದವರೇ; ಆದರೆ ಕೀರ್ತಿ ಬಂದದ್ದು ಆಡಿದ್ದರಿಂದಲ್ಲ, ಆಡಿಸಿದ್ದರಿಂದ. ಅವರು ತರಬೇತು ಮಾಡಿದ ಹೈದರಾಬಾದ್ ನಗರ ಪೊಲೀಸ್ ತಂಡ 1950ರಿಂದ 1954ರವರೆಗೆ ಮುಂಬಯಿಯ ರೋವರ್ಸ್ ಕಪ್ಪನ್ನು ಯಾರಿಗೂ ಬಿಟ್ಟುಕೊಡಲಿಲ್ಲ.

ಮಾಸ್ತರರ ಪಾಠಕ್ರಮ ಕೊಂಚ ವಿಚಿತ್ರವಾದುದು. ಪಳಗದ ಕಾಲಿನಿಂದಲೇ ಚೆಂಡನ್ನು ಒದೆಯಬೇಕೆಂಬ ನಿಯಮದ ಪಂದ್ಯಾವಳಿಗಳನ್ನೇ ಅವರು ಏರ್ಪಡಿಸಿದರು. ನೋಡುವವರಿಗೆ ತಮಾಷೆ! ಆದರೆ ಎರಡೂ ಕಾಲು ಪಳಗಿದವನು ಚೆಂಡನ್ನು ಅತ್ತಿತ್ತ ಹೊರಳಿಸಿಕೊಳ್ಳುತ್ತ ಕಾಲ ಕಳೆಯುವುದಿಲ್ಲ; ಈ ಆಟದಲ್ಲಿ ಹಾಗೆ ಉಳಿಸಿದ ಕ್ಷಣವೇ ಗಳಿಕೆ.

1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ, ಹಲವರು ಬರಿಗಾಲಲ್ಲೇ ಆಡಿದ ಅವರ ಭಾರತ ತಂಡ ಯುಗೊಸ್ಲಾವಿಯಕ್ಕೆ 10–1ರಿಂದ ಸೋತಿತು. ನಾಲ್ಕು ವರ್ಷ ಕಳೆಯಿತು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆದು, ನಮ್ಮ ಸೀಮೆ ಮೈಸೂರಿಗೆ ಸೇರಿತು. ಸರಿಯಾಗಿ ತಿಂಗಳಿಗೆ, ಡಿಸೆಂಬರ್ 1ರಂದು, ಮೆಲ್ಬರ್ನಿನಲ್ಲಿ ರಹೀಮರ ತಂಡ ಆಸ್ಟ್ರೇಲಿಯವನ್ನು 4–2ರಿಂದ ಮಣಿಸಿತು. ನೆವಿಲ್ ಡಿಸೋಜಾ ಒಬ್ಬರೇ ಮೂರು ಗೋಲು ಹೊಡೆದರು. ಮೈಸೂರಿನ ಕೆಂಪಯ್ಯನವರೂ ಆ ಒಲಿಂಪಿಕ್ ತಂಡದವರು. ಭಾರತ ನಾಲ್ಕನೆಯ ಸ್ಥಾನ ಪಡೆಯಿತು.

1962ರಲ್ಲಿ ಜಕಾರ್ತಕ್ಕೆ ಹೋದಾಗ ರಹೀಮರಿಗೆ ಕ್ಯಾನ್ಸರ್ ತಗಲಿತ್ತು. ರಕ್ಷಣೆಯ ಆಟಗಾರ ಜರ್ನೈಲ್ ಸಿಂಗರ ತಲೆಗೆ ಹೊಲಿಗೆ ಬಿದ್ದಿತ್ತು. ಮಾಸ್ತರರು ಅವರನ್ನೇ ಮುನ್ಪಂಕ್ತಿಗೆ ಹಾಕಿದರು. ಅಂತಿಮ ಪಂದ್ಯದಲ್ಲಿ ಅವರಿಂದಲೂ ಒಂದು ಗೋಲು ಬಂತು. ದಕ್ಷಿಣ ಕೊರಿಯ 2–1ರಿಂದ ಸೋತಿತು.

ಮರುವರ್ಷ ಜೂನ್ 11ರಂದು ರಹೀಮರು ತೀರಿಕೊಂಡರು. ಏಷ್ಯನ್ ಕ್ರೀಡಾಕೂಟದ ಕಾಲ್ಚೆಂಡಿನ ಚಿನ್ನ ಭಾರತಕ್ಕೆ ಮತ್ತೆ ಬಂದಿಲ್ಲ.